ರಂಜಿನಿಯ ಮೆರೂನ್ ಸ್ವೆಟರ್

ಆಫೀಸಿನಿಂದ ಬಂದ ರಂಗನಾಯಕಿ ಗೇಟಿನ ಚಿಲಕ ಸರಿಸಿದ ಸದ್ದಾದರೆ ಸಾಕು, ಒಳಗೆ ದೀಪ್ತಿ ಹಾಲನ್ನು ಒಲೆಯ ಮೇಲಿಡುತ್ತಿದ್ದಳು. ಅಮ್ಮ ಕೈಕಾಲು ತೊಳೆದು ಅಡುಗೆಮನೆಗೆ ಬರುವಷ್ಟರಲ್ಲಿ ಕಾಫಿ ಸಿದ್ಧವಾಗಿರುತ್ತಿತ್ತು. ಆಮೇಲೆ ಮಗಳ ಮಾತು ಶುರು. ಕಾಲೇಜಿನಲ್ಲಿ ಯಾರು ಯಾರಿಗೆ ಏನಂದರು, ಯಾವ ಲೆಕ್ಚರರ್ ಯಾವ ಸೀರೆ ಉಟ್ಟಿದ್ದರು, ಕ್ಯಾಂಟೀನಿನ ವಡೆಯಲ್ಲಿ ಏನು ಸಿಕ್ಕಿತು ಎಲ್ಲವೂ ಬರುತ್ತಿತ್ತು. ಚಾಮರಾಜಪೇಟೆಯ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯಾಗಿದ್ದ ರಂಗನಾಯಕಿಗೆ ದಿನವಿಡೀ ಕೌಂಟರಿನಲ್ಲಿ ಜನರ ಜೊತೆ ವಾದಿಸಿ ಗಂಟಲು ಒಣಗಿರುತ್ತಿತ್ತು. ಸಂಜೆಯ ಆ ಅರ್ಧ ಗಂಟೆ ಆಕೆ ಬಾಯಿ ತೆರೆಯಬೇಕಾಗಿರಲಿಲ್ಲ. ಕಾಫಿ ಹೀರುತ್ತಾ ಕೇಳಿಸಿಕೊಂಡರೆ ಆಯಿತು. ಒಬ್ಬಳೇ ಮಗಳು, ಅವಳ ಬಗ್ಗೆ ತನಗೆ ತಿಳಿಯದ್ದು ಏನೂ ಇಲ್ಲ ಎಂದು ಆಕೆ ನಂಬಿದ್ದಳು.

ತೊಂಬತ್ತೇಳರ ಮಳೆಗಾಲದಲ್ಲಿ ಶಂಕರಪುರದ ಅವರ ಸ್ವಂತ ಮನೆಯ ಹಿಂಭಾಗದ ಪೋರ್ಷನ್ನಿಗೆ ಹೊಸ ಬಾಡಿಗೆಯವರು ಬಂದರು. ಗಂಡ ಕೈಲಾಸ್ ಚಿಕ್ಕಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ಹೊರಟರೆ ಅಂಗಡಿ ಬಾಗಿಲು ಹಾಕಿದ ಮೇಲೇ ವಾಪಸ್ಸು. ಹೆಂಡತಿ ಶಿವರಂಜಿನಿಗೆ ಇಪ್ಪತ್ತೆಂಟು ಮೂವತ್ತರ ವಯಸ್ಸು, ಉದ್ದ ಕೈಕಾಲಿನ ಹುಡುಗಿ. ಅವಳು ಹೊರದೇಶಗಳಿಂದ ಮೂಟೆಗಟ್ಟಲೆ ಮಾರ್ಕೆಟ್ಟಿಗೆ ಬರುವ ಹಳೆಯ ಸ್ವೆಟರುಗಳನ್ನು ಕೊಂಡು ತಂದು, ಬಿಚ್ಚಿ, ಅದೇ ಉಲ್ಲನ್ನಿನಲ್ಲಿ ಮಕ್ಕಳ ಟೋಪಿ, ಕಾಲುಚೀಲ, ಸ್ವೆಟರು ಹೆಣೆದು ಗಾಂಧಿ ಬಜಾರಿನ ಅಂಗಡಿಯೊಂದಕ್ಕೆ ಕೊಡುತ್ತಿದ್ದಳು.

"ಒಳ್ಳೆ ಜನ, ಗಲಾಟೆ ಇಲ್ಲ," ಎಂದರು ರಂಗನಾಯಕಿಯ ಗಂಡ. ಹೈಸ್ಕೂಲು ಮೇಷ್ಟರಾಗಿದ್ದ ಅವರನ್ನು ಬೀದಿಯವರೆಲ್ಲ ಶೀನಣ್ಣ ಎಂದೇ ಕರೆಯುತ್ತಿದ್ದರು. ರಂಗನಾಯಕಿಯೂ ಹೌದೆಂದಳು. ಬಾಡಿಗೆಯವಳ ಮೊದಲ ಪರಿಚಯಕ್ಕೆಂದು ಒಂದು ಡಬ್ಬಿ ಚಕ್ಕುಲಿಯನ್ನು ಮಗಳ ಕೈಯಲ್ಲಿ ತಾನೇ ಕಳಿಸಿದಳು.

ಡಬ್ಬಿ ಕೊಡಲು ಹೋದ ದೀಪ್ತಿ ಕತ್ತಲಾದ ಮೇಲೆ ಬಂದಳು.

"ಅಮ್ಮ, ರಂಜಿನಿ ಅಕ್ಕ ಸ್ವೆಟರ್ ಬಿಚ್ಚೋದು ನೋಡ್ಬೇಕು ನೀನು! ಕುತ್ತಿಗೆ ಹತ್ರ ಒಂದು ಎಳೆ ಹಿಡಿದು ಎಳೆದ್ರೆ ಚರ್ರ್ ಅಂತ ಬರತ್ತೆ. ಎಲ್ಲಾ ಸ್ವೆಟರ್ರೂ ಹಾಗೆ ಬರಲ್ವಂತೆ. ಮೊದಲು ಒಳಗಡೆ ಹೊಲಿಗೆ ನೋಡ್ಬೇಕಂತೆ. ಬಟ್ಟೆ ಥರ ಕತ್ತರಿಸಿ ಅಂಚಿಗೆ ಓವರ್‌ಲಾಕ್ ಹೊಲಿಗೆ ಹಾಕಿದ್ರೆ ಎಳೆ ತುಂಡು ತುಂಡಾಗತ್ತಂತೆ, ಅಂಥದ್ದು ತಗೋಬಾರ್ದಂತೆ."

"ಸರಿ, ಓದ್ಕೊಳ್ಳೋದು ಯಾವಾಗಂತೆ?" ಎಂದು ರಂಗನಾಯಕಿ ನಕ್ಕಳು. ಆ ದಿನ ನಕ್ಕಳು.

ಶ್ರಾವಣ ಮುಗಿಯುವ ಹೊತ್ತಿಗೆ ಚಿಲಕದ ಸದ್ದಿಗೆ ಒಳಗಿನಿಂದ ಏನೂ ಕೇಳಿಬರದಂತಾಯಿತು. ಮುಂಬಾಗಿಲಿಗೆ ಬೀಗ. ಹಿತ್ತಲ ಕಡೆಯಿಂದ ಇಬ್ಬರ ನಗು. ರಂಗನಾಯಕಿ ತಾನೇ ಬೀಗ ತೆಗೆದು, ತಾನೇ ಹಾಲು ಕಾಯಿಸಿ, ಅಡುಗೆಮನೆಯ ಕಿಟಕಿಯ ಬಳಿ ನಿಂತು ಕಾಫಿ ಕುಡಿಯುತ್ತಿದ್ದಳು. ಆ ಕಿಟಕಿಯಿಂದ ರಂಜಿನಿಯ ಹೊಸ್ತಿಲು ಅರ್ಧ ಕಾಣುತ್ತಿತ್ತು. ಮಗಳು ಎರಡೂ ಕೈ ಮುಂದೆ ಚಾಚಿ ಕೂತಿರುತ್ತಿದ್ದಳು, ಕೈಗೆ ಉಲ್ಲನ್ನಿನ ಲಡಿ. ಇನ್ನೊಂದು ತುದಿಯಿಂದ ರಂಜಿನಿ ಅದನ್ನು ಉಂಡೆ ಸುತ್ತುತ್ತಿದ್ದಳು. ದೀಪ್ತಿಯ ಬಾಯಿ ಬಿಡುವಿಲ್ಲದೆ ಆಡುತ್ತಿತ್ತು. ಕಾಲೇಜಿನ ಸುದ್ದಿಯೆಲ್ಲ ಅಲ್ಲಿ ಖರ್ಚಾಗುತ್ತಿದೆ ಎಂದು ರಂಗನಾಯಕಿಗೆ ನೋಡಿದರೇ ತಿಳಿಯುತ್ತಿತ್ತು. ಅವಳು ಮನೆಗೆ ಬಂದ ಮೇಲೆ, "ಇವತ್ತು ಏನಾಯ್ತೇ ಕಾಲೇಜಲ್ಲಿ?" ಎಂದು ಕೇಳಿದರೆ, "ಏನಿಲ್ಲಮ್ಮ, ದಿನಾ ಇದ್ದಿದ್ದೇ," ಎನ್ನುತ್ತಿದ್ದಳು.

ಊಟಕ್ಕೆ ಕೂತರೆ ರಂಜಿನಿ ಅಕ್ಕ ಹೀಗಂದ್ರು, ಜಡೆ ಹೆಣೆದರೆ ರಂಜಿನಿ ಅಕ್ಕ ಹಾಕ್ಕೊಳ್ಳೋದು ಹೀಗೆ. ಒಂದು ದಿನ ಸಾರಿಗೆ, "ರಂಜಿನಿ ಅಕ್ಕ ಇದಕ್ಕೆ ಸ್ವಲ್ಪ ಗುರೆಳ್ಳು ಪುಡಿ ಹಾಕ್ತಾರೆ," ಎಂದಾಗ ರಂಗನಾಯಕಿ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

"ಹಾಗಾದ್ರೆ ಅಲ್ಲೇ ಊಟ ಮಾಡ್ಕೊಂಡು ಬಾ."

ಶೀನಣ್ಣ ತಲೆಯೆತ್ತಿ ಹೆಂಡತಿಯನ್ನೊಮ್ಮೆ ನೋಡಿ ಮತ್ತೆ ಅನ್ನ ಕಲಸಿಕೊಂಡರು.

ಮಗಳನ್ನು ಮನೆಯಲ್ಲೇ ಉಳಿಸಿಕೊಳ್ಳಲು ರಂಗನಾಯಕಿ ತನಗೆ ತಿಳಿದ ರೀತಿಯಲ್ಲೆಲ್ಲ ಪ್ರಯತ್ನಿಸಿದಳು. ಅವೆನ್ಯೂ ರಸ್ತೆಗೆ ಹೋಗಿ ಹೊಸ ಉಲ್ಲನ್ ತಂದಳು. ತಿಳಿ ನೀಲಿ, ಬೆಣ್ಣೆಯಷ್ಟು ಮೃದು. ಅದರ ಜೊತೆ ಹೊಸ ಕಡ್ಡಿಗಳು. "ಇನ್ನು ಮನೇಲೇ ಕೂತು ಹೆಣಿ," ಎಂದು ಕೊಟ್ಟಳು. ದೀಪ್ತಿ ಕೆನ್ನೆಗೆ ಒತ್ತಿ ನೋಡಿ, "ತುಂಬ ಚೆನ್ನಾಗಿದೆಯಮ್ಮ," ಎಂದು ಬೀರುವಿನಲ್ಲಿಟ್ಟಳು. ಅದು ಅಲ್ಲೇ ಉಳಿಯಿತು. ಆಮೇಲೆ ಮೈಲಿಗೆಯ ಮಾತು ತೆಗೆದಳು. "ಯಾವ ದೇಶದ ಯಾರ ಮೈ ಮೇಲಿದ್ದಿದ್ದೋ ಏನೋ. ಸತ್ತೋರದ್ದೂ ಇರಬಹುದು. ಅದನ್ನ ಮುಟ್ಟಿದ ಕೈಯಲ್ಲಿ ದೇವರ ಮನೆಗೆ ಬರ್ತೀಯ."

"ಬಿಸಿನೀರಲ್ಲಿ ಎರಡು ಸಲ ಒಗೀತೀವಮ್ಮ," ಎಂದಳು ದೀಪ್ತಿ. ಆ 'ಒಗೀತೀವಿ' ಎನ್ನುವುದು ರಂಗನಾಯಕಿಯ ಎದೆಗೆ ನಾಟಿತು.

ದಸರಾ ರಜೆಯಲ್ಲಿ ರಂಜಿನಿ ಬಂದು, "ಆಂಟಿ, ದೀಪ್ತೀನ ಮಾರ್ಕೆಟ್ಟಿಗೆ ಕರ್ಕೊಂಡು ಹೋಗ್ಲಾ? ಹೊಸ ಮೂಟೆ ಒಡೆದಿದಾರಂತೆ," ಎಂದು ಕೇಳಿದಳು. ಬೇಡ ಎನ್ನಲು ಕಾರಣ ಹೊಳೆಯದೆ ರಂಗನಾಯಕಿ ಹೂಂ ಅಂದಳು. ಮಧ್ಯಾಹ್ನ ಹೋದವರು ಸಂಜೆ ಎರಡು ಚೀಲ ಹೊತ್ತು ಬಂದರು. ದೀಪ್ತಿಯ ಕೈಯಲ್ಲಿ ಒಂದು ಚೀಟಿಯಿತ್ತು. ಅಮ್ಮನಿಗೆ ತೋರಿಸಲೋ ಬೇಡವೋ ಎಂದು ಮಡಿಸುತ್ತಾ ಬಿಡಿಸುತ್ತಾ ನಿಂತಳು. ರಂಜಿನಿಯೇ ಹೇಳಿದಳು:

"ಬಸ್ ಸ್ಟಾಪಲ್ಲಿ ನಂಬರ್ ನೋಡು ಅಂದೆ ಆಂಟಿ. ಬಸ್ಸು ಮುಂದೆ ಬಂದು ನಿಂತ್ರೂ ಇವಳಿಗೆ ಕಾಣಿಸ್ಲಿಲ್ಲ. ಕೇಳಿದ್ರೆ, ಕ್ಲಾಸಲ್ಲಿ ಬೋರ್ಡೂ ಕಾಣಲ್ವಂತೆ, ಪಕ್ಕದೋಳ ನೋಟ್ಸ್ ನೋಡಿ ಬರ್ಕೊತಾಳಂತೆ. ಅದಕ್ಕೇ ಬರ್ತಾ ಕನ್ನಡಕದ ಅಂಗಡೀಲಿ ಕಣ್ಣು ಟೆಸ್ಟ್ ಮಾಡ್ಸಿದೆ. ಪವರ್ ಜಾಸ್ತಿನೇ ಇದೆ."

ರಂಗನಾಯಕಿ ಚೀಟಿ ತೆಗೆದುಕೊಂಡಳು.

"ಯಾವಾಗಿಂದ ಕಾಣ್ತಿಲ್ಲ?" ಎಂದು ಮಗಳನ್ನು ಕೇಳಿದಳು.

"ಹೋದ ವರ್ಷದಿಂದ."

"ನಾನೇನು ಸತ್ತುಹೋಗಿದ್ದೆನಾ?"

"ಆಂಟಿ, ಬೈಬೇಡಿ, ಅವಳು ಹೆದರ್ಕೊಂಡು…"

"ನೀನು ಸುಮ್ನಿರಮ್ಮ. ನನ್ನ ಮಗಳಿಗೆ ಏನು ಮಾಡಿಸ್ಬೇಕು ಅಂತ ನನಗೆ ಗೊತ್ತು."

ರಂಜಿನಿಯ ಮುಖ ಸಪ್ಪಗಾಯಿತು. ಚೀಲ ಎತ್ತಿಕೊಂಡು ಹಿಂದಕ್ಕೆ ಹೋದಳು. ಮರುದಿನವೇ ರಂಗನಾಯಕಿ ರಜೆ ಹಾಕಿ ಮಗಳನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದು ಎಲ್ಲವನ್ನೂ ಮೊದಲಿನಿಂದ ಪರೀಕ್ಷೆ ಮಾಡಿಸಿದಳು. ಅಂಗಡಿಯ ಚೀಟಿಯಲ್ಲಿದ್ದ ಪವರೇ ಅಲ್ಲೂ ಬಂತು. ತಪ್ಪಾಗಿರಲಿ ಎಂದು ತಾನು ಆಸೆಪಟ್ಟಿದ್ದು ಆಗ ಆಕೆಗೆ ಅರಿವಾಯಿತು. ನಾಚಿಕೆಯಾಯಿತು. ಹೊಟ್ಟೆಕಿಚ್ಚು ಮಾತ್ರ ಕಡಿಮೆಯಾಗಲಿಲ್ಲ. ಹಡೆದು ಸಾಕಿದ ತನಗೆ ಕಾಣದೇ ಹೋದದ್ದು, ನಿನ್ನೆ ಮೊನ್ನೆ ಬಂದವಳಿಗೆ ಬಸ್ ಸ್ಟಾಪಿನಲ್ಲಿ ಕಂಡಿತ್ತು.

ಮಾರ್ಗಶಿರದ ಚಳಿಗೆ ಹಿತ್ತಲಿನ ನಲ್ಲಿಯ ನೀರು ಕೈ ಕೊರೆಯುತ್ತಿತ್ತು. ಒಂದು ಬೆಳಿಗ್ಗೆ ನೀರು ಹಿಡಿಯಲು ಹೋದ ರಂಗನಾಯಕಿಗೆ ರಂಜಿನಿ ಹೊಸ ಸ್ವೆಟರ್ ತೊಟ್ಟು ರಂಗೋಲಿ ಇಡುತ್ತಿದ್ದುದು ಕಂಡಿತು. ಗಾಢ ಮೆರೂನ್ ಬಣ್ಣ. ಎಡತೋಳು ಮಣಿಕಟ್ಟಿಗೆ ಮುಟ್ಟದೆ ಮೇಲೇ ನಿಂತಿತ್ತು.

"ಇದು ಯಾರದು?"

"ನಂದೇ ಆಂಟಿ!" ರಂಜಿನಿ ಎದ್ದು ನಿಂತು ಎರಡೂ ಕೈ ಚಾಚಿ ತೋರಿಸಿದಳು. "ದೀಪ್ತಿ ಹೆಣೆದುಕೊಟ್ಲು. ಪೂರ್ತಿ ಅವಳೇ ಮಾಡಿದ ಮೊದಲನೇ ಸ್ವೆಟರು. ನಾನು ಒಂದು ಕುಣಿಕೇನೂ ಮುಟ್ಟಿಲ್ಲ."

ಕೊಡ ತುಂಬಿ ನೀರು ಚೆಲ್ಲುತ್ತಿತ್ತು. ರಂಗನಾಯಕಿ ನಲ್ಲಿ ನಿಲ್ಲಿಸಲು ಮರೆತಳು.

ಆ ದಿನ ಆಫೀಸಿನಲ್ಲಿ ಆಕೆಗೆ ಕೆಲಸ ಸಾಗಲಿಲ್ಲ. ಮಗಳು ಮೊದಲ ಸಲ ಚಪಾತಿ ಲಟ್ಟಿಸಿದಾಗ, ಕೋನ ಕೋನವಾದ ಆ ಚಪಾತಿಯನ್ನು ತಿಂದದ್ದು ತಾನು. ಮೊದಲ ಸಲ ಬರೆದ ಅಕ್ಷರ ತನ್ನ ಸೀರೆಯ ಸೆರಗಿನ ಮೇಲೆ. ಮೊದಲ ಸ್ವೆಟರು ಮಾತ್ರ ಅವಳಿಗೆ. ತನಗೊಂದು ಮಾತು ಹೇಳಲಿಲ್ಲ, ಹೆಣೆಯುವಾಗ ಒಮ್ಮೆಯಾದರೂ ತಂದು ತೋರಿಸಲಿಲ್ಲ. ತೋರಿಸಿದ್ದರೆ ತಾನು ಮೈಲಿಗೆ ಅನ್ನುತ್ತಿದ್ದೆ ಎಂಬುದು ನೆನಪಾಗದೆ ಇರಲಿಲ್ಲ. ಆದರೂ.

ಅದಾದ ವಾರದಲ್ಲಿ ರಂಜಿನಿ ತಂಗಿಯ ಹೆರಿಗೆಗೆಂದು ತಿಪಟೂರಿನ ತವರಿಗೆ ಹೊರಟಳು. ಬರುವುದು ಸಂಕ್ರಾಂತಿ ಕಳೆದ ಮೇಲೆ ಎಂದಳು. ಹೊರಡುವ ದಿನ ಬೆಳಿಗ್ಗೆ ಸ್ವೆಟರನ್ನು ಒಗೆದು, ಜೋತು ಬೀಳದಿರಲೆಂದು ಹಿತ್ತಲಿನ ಕಲ್ಲುಬೆಂಚಿನ ಮೇಲೆ ಹಳೆಯ ಪಂಚೆ ಹಾಸಿ ಹರಡಿಟ್ಟು, "ಒಣಗಿದ ಮೇಲೆ ಒಳಗಿಟ್ಕೊಂಡಿರು," ಎಂದು ದೀಪ್ತಿಗೆ ಹೇಳಿ ಹೋದಳು.

ರಂಗನಾಯಕಿ ಆ ಮಧ್ಯಾಹ್ನ ತಲೆನೋವೆಂದು ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ. ಹಿತ್ತಲಿಗೆ ಹೋದವಳು ಬೆಂಚಿನ ಮುಂದೆ ನಿಂತಳು. ಒಣಗಿದೆಯೇ ಎಂದು ಮುಟ್ಟಿದಳು. ಒಣಗಿತ್ತು. ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಹತ್ತಿರದಿಂದ ನೋಡಿದರೆ ಮಗಳ ಕೈ ಕಾಣುತ್ತಿತ್ತು. ಕೆಳಗೆ ಬಿಗಿ, ಮೇಲೆ ಹೋಗುತ್ತಾ ಸಡಿಲ, ನಡುವೆ ಎಲ್ಲೋ ಒಂದು ಕುಣಿಕೆ ತಪ್ಪಿ ಮತ್ತೆ ಹಿಡಿದದ್ದು. ಎಷ್ಟು ಸಂಜೆ ಕೂತಿರಬೇಕು! ಆ ಸಂಜೆಗಳಲ್ಲಿ ತಾನು ಕಿಟಕಿಯ ಬಳಿ ಒಬ್ಬಳೇ ನಿಂತಿದ್ದಳು.

ಕುತ್ತಿಗೆಯ ಪಟ್ಟಿಯ ಒಳಗೆ ಉಲ್ಲನ್ನಿನ ತುದಿ ಸಿಕ್ಕಿಸಿದ್ದು ಬೆರಳಿಗೆ ತಗುಲಿತು. ತಲೆಯಿಂದ ಒಂದು ಪಿನ್ನು ತೆಗೆದು ಅದನ್ನು ಹೊರಗೆಳೆದಳು. ಎಳೆದಳು. ಚರ್ರ್ ಎಂದು ಒಂದು ಸಾಲು ಬಂತು. ಮಗಳು ಹೇಳಿದ್ದು ಸರಿಯಾಗಿತ್ತು, ಕೇಳಲು ಹಿತವಾಗಿತ್ತು. ಪಟ್ಟಿ ಪೂರ್ತಿ ಬಿಚ್ಚಿಕೊಂಡು, ಭುಜದ ಹೊಲಿಗೆಯ ಬಳಿ ಎಳೆ ನಿಂತಿತು. ಒಳಗೆ ಹೋಗಿ ಕತ್ತರಿ ತಂದಳು. ಅಷ್ಟು ದೂರ ಹೋಗಿ ಬರುವಾಗಲಾದರೂ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಹೊಲಿಗೆಯ ದಾರವನ್ನಷ್ಟೇ ಕತ್ತರಿಸಿದಳು, ತೋಳು ಬೇರೆ, ಬೆನ್ನು ಬೇರೆ, ಎದೆ ಬೇರೆ ಮಾಡಿದಳು. ಆಮೇಲೆ ಒಂದೊಂದನ್ನೇ ಎಳೆಯುತ್ತಾ ಹೋದಳು. ಸುರುಳಿ ಸುರುಳಿ ಉಲ್ಲನ್ ಕಾಲ ಬಳಿ ಗುಡ್ಡೆ ಬಿತ್ತು. ಎಳೆಯುತ್ತಿರುವಷ್ಟು ಹೊತ್ತು ಆಕೆಗೆ ತುಂಬ ಹಗುರವೆನಿಸಿತು. ಕೊನೆಯ ತೋಳಿನ ಅಂಚು ಉಳಿದಿದ್ದಾಗ ಹಿಂದಿನಿಂದ ದೀಪ್ತಿಯ ದನಿ ಬಂತು.

"ಏನ್ಮಾಡ್ತಿದೀಯಮ್ಮ?"

ರಂಗನಾಯಕಿ ತಿರುಗಿದಳು. ಕನ್ನಡಕದೊಳಗಿನ ಮಗಳ ಕಣ್ಣುಗಳು ದೊಡ್ಡವಾಗಿದ್ದವು.

"ಒಣಗಿದ್ಯಾ ಅಂತ ನೋಡ್ತಿದ್ದೆ… ಎಲ್ಲೋ ಎಳೆ ಬಿಟ್ಕೊಂಡಿತ್ತು…"

ದೀಪ್ತಿಯ ನೋಟ ಕತ್ತರಿಯ ಮೇಲೆ ಹೋಯಿತು. ರಂಗನಾಯಕಿ ಮಾತು ಅಲ್ಲಿಗೇ ಬಿಟ್ಟಳು. ಉಲ್ಲನ್ನನ್ನು ಗುಡಿಸಿ ಎತ್ತಿಕೊಳ್ಳಲು ಹೋದರೆ ಮಗಳು ಕಿರುಚಿದಳು: "ಮುಟ್ಬೇಡ! ಸಿಕ್ಕಾಗತ್ತೆ!" ತಾನೇ ಮಂಡಿಯೂರಿ, ಅಳುತ್ತಲೇ, ಗುಡ್ಡೆಯ ಕೆಳಗೆ ಪಂಚೆಯನ್ನು ಜಾರಿಸಿ ಅದನ್ನು ಹಾಗೇ ಗಂಟು ಕಟ್ಟಿ ಒಳಗೆ ಒಯ್ದಳು.

ಎರಡು ದಿನ ಮನೆಯಲ್ಲಿ ಮಾತಿಲ್ಲ. ಶೀನಣ್ಣ ಹೆಂಡತಿಯನ್ನು ಮೆಲ್ಲಗೆ ಕೇಳಿದರು, "ಏನೇ ಆಯ್ತು ನಿಂಗೆ? ಆ ಹುಡುಗಿ ನಿನಗೇನು ಮಾಡಿದ್ಳು?"

"ಏನೂ ಮಾಡಿಲ್ಲ," ಎಂದಳು ರಂಗನಾಯಕಿ. "ಅದಕ್ಕೇ ನನಗೆ ತಡಕೊಳ್ಳೋಕೆ ಆಗಲ್ಲ. ಒಂದು ಕೆಟ್ಟ ಮಾತಾಡಿದ್ರೆ ಬೈದು ಮನೆ ಖಾಲಿ ಮಾಡಿಸ್ತಿದ್ದೆ."

ಮೂರನೆಯ ಸಂಜೆ ಆಕೆ ಗೇಟು ತೆಗೆದಾಗ ಮುಂಬಾಗಿಲಿಗೆ ಬೀಗವಿರಲಿಲ್ಲ. ಕಾಫಿಯೂ ಇರಲಿಲ್ಲ. ಹಜಾರದಲ್ಲಿ ಎದುರುಬದುರು ಎರಡು ಕುರ್ಚಿ, ನೆಲದ ಮೇಲೆ ಪಂಚೆಯ ಗಂಟು.

"ಕೂತ್ಕೋ. ಕೈ ಚಾಚು," ಎಂದಳು ದೀಪ್ತಿ. "ಅಕ್ಕ ಬರೋಷ್ಟರಲ್ಲಿ ಇದು ಮತ್ತೆ ಸ್ವೆಟರ್ ಆಗ್ಬೇಕು. ಒಬ್ಬಳಿಗೇ ಆಗಲ್ಲ ನಂಗೆ."

ಬ್ಯಾಗು ಕೂಡ ಇಳಿಸದೆ ರಂಗನಾಯಕಿ ಕೂತು ಕೈ ಚಾಚಿದಳು.

ಬಿಚ್ಚಿದ ಉಲ್ಲನ್ ಅಂಕುಡೊಂಕಾಗಿರುತ್ತದೆ, ಹಾಗೇ ಹೆಣೆದರೆ ಉಬ್ಬುತಗ್ಗು ಬೀಳುತ್ತದೆ. ಅದನ್ನು ಲಡಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಕೆಳಗೆ ಭಾರ ಕಟ್ಟಿ ನೇತುಹಾಕಬೇಕು. ಮಗಳು ಹೇಳಿದಂತೆ ರಂಗನಾಯಕಿ ಒಂದೊಂದನ್ನೂ ಮಾಡಿದಳು. ಮೈಲಿಗೆಯ ಮಾತು ಎತ್ತಲಿಲ್ಲ. ಉಲ್ಲನ್ ನೆಟ್ಟಗಾದ ಮೇಲೆ ದೀಪ್ತಿ ಕಡ್ಡಿ ಹಿಡಿದು ಕೂತಳು. ಅಮ್ಮನ ಕೆಲಸ ಉಂಡೆ ಸುತ್ತುವುದು, ಸಾಲು ಎಣಿಸುವುದು, ತಪ್ಪಿದರೆ ಹೇಳುವುದು.

ಮೊದಮೊದಲು ಸಾಲಿನ ಲೆಕ್ಕ ಬಿಟ್ಟು ಬೇರೆ ಮಾತಿರಲಿಲ್ಲ. ಆದರೆ ಕೈ ಓಡುತ್ತಿದ್ದರೆ ದೀಪ್ತಿಯ ಬಾಯಿ ಸುಮ್ಮನಿರುವಂಥದ್ದಲ್ಲ. ಒಂದು ಸಂಜೆ ಕ್ಯಾಂಟೀನಿನ ಸುದ್ದಿ ಬಂತು. ಇನ್ನೊಂದು ಸಂಜೆ ಫಿಸಿಕ್ಸ್ ತನಗೆ ಒಂದಿಷ್ಟೂ ಅರ್ಥವಾಗುವುದಿಲ್ಲ ಎಂಬುದು ಬಂತು. ರಂಗನಾಯಕಿ ಬೈಯಲು ಬಾಯಿ ತೆರೆದು, ಕೈಯಲ್ಲಿದ್ದ ಉಂಡೆ ನೋಡಿ ಮುಚ್ಚಿಕೊಂಡಳು. ಬೆನ್ನಿನ ಭಾಗ ಮುಗಿದ ದಿನ ಧೈರ್ಯ ಮಾಡಿ ಕೇಳಿದಳು:

"ಕಣ್ಣು ಕಾಣಲ್ಲ ಅಂತ ನನಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ, ಟಿವಿ ನೋಡಿ ನೋಡಿ ಹೀಗಾಯ್ತು ಅಂತಿದ್ದೆ."

ರಂಗನಾಯಕಿ ಯೋಚಿಸಿದಳು. "ಅಂತಿದ್ದೆ," ಎಂದಳು.

ದೀಪ್ತಿಗೆ ನಗು ಬಂತು. ಬಹಳ ದಿನಗಳ ಮೇಲೆ ಆ ನಗು ತನ್ನ ಹಜಾರದಲ್ಲಿ ಕೇಳಿತು. ಆದರೆ ಆ ಸಂತೋಷ ತೋಳಿನ ಅಳತೆಯ ಸರದಿ ಬರುವವರೆಗೆ ಮಾತ್ರ. "ನನ್ನ ಕೈಗೆ ಹಿಡಿದು ನೋಡ್ತೀಯೇನೇ?" ಎಂದು ಆಕೆ ಕೈ ಚಾಚಿದರೆ ಮಗಳು ತಲೆಯಾಡಿಸಿದಳು. "ನಿನ್ನ ಕೈ ಗಿಡ್ಡ. ಅಕ್ಕನ ಕೈ ಇಲ್ಲೀವರೆಗೆ ಬರತ್ತೆ," ಎಂದು ಗಾಳಿಯಲ್ಲೇ ಗುರುತು ಮಾಡಿ ತೋರಿಸಿದಳು. ಊರಲ್ಲೇ ಇಲ್ಲದವಳ ತೋಳಿನ ಉದ್ದ ಹುಡುಗಿಗೆ ಬಾಯಿಪಾಠವಾಗಿತ್ತು. ರಂಗನಾಯಕಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಉಂಡೆ ಸುತ್ತಿದಳು. ಈ ಸಂಜೆಗಳು ತನಗೆ ಸಿಕ್ಕಿದ್ದೂ ಅವಳ ಸ್ವೆಟರಿನ ದೆಸೆಯಿಂದ ಎಂದುಕೊಂಡಳು. ಸ್ವೆಟರು ಬೇಗ ಮುಗಿಯದಿರಲಿ ಎಂದೂ ಅಂದುಕೊಂಡಳು.

ಸಂಕ್ರಾಂತಿಯಾಗಿ ಕೆಲವು ದಿನಕ್ಕೆ ರಂಜಿನಿ ಬಂದಳು. ಎಳ್ಳು ಬೆಲ್ಲದ ಪೊಟ್ಟಣ, ಎರಡು ತೆಂಗಿನಕಾಯಿ ಹಿಡಿದು ಮುಂಭಾಗದ ಮನೆಗೇ ಮೊದಲು ಬಂದಳು. ತಂಗಿಗೆ ಹೆಣ್ಣು ಮಗು ಎಂದಳು. ದೀಪ್ತಿ ಒಳಗಿನಿಂದ ಸ್ವೆಟರ್ ತಂದುಕೊಟ್ಟಳು.

ರಂಜಿನಿ ಅದನ್ನು ತೊಡಲು ಹೋಗಿ ನಿಂತಳು. ಹೆಬ್ಬೆರಳಿನಿಂದ ಅಂಚನ್ನು ಸವರಿದಳು, ಒಳಗು ತಿರುಗಿಸಿದಳು, ಎರಡೂ ತೋಳನ್ನು ಜೋಡಿಸಿ ಹಿಡಿದಳು. ಎರಡೂ ಸಮನಾಗಿದ್ದವು.

"ಇದು ನಾನು ಇಟ್ಟು ಹೋದದ್ದಲ್ಲ," ಎಂದಳು.

"ಅದು, ಅಕ್ಕ, ತೋಳು ಸರಿ ಇರ್ಲಿಲ್ವಲ್ಲ, ಅದಕ್ಕೆ ನಾನು…" ದೀಪ್ತಿ ತಡವರಿಸಿದಳು.

"ನಾನು ಬಿಚ್ಚಿದೆ," ಎಂದಳು ರಂಗನಾಯಕಿ.

ರಂಜಿನಿ ಆಕೆಯ ಕಡೆ ನೋಡಿದಳು.

"ಕತ್ತರಿ ತಂದು ಬಿಚ್ಚಿದೆ. ಇವಳು ನಿನಗೆ ಮಾಡಿಕೊಟ್ಟಿದ್ದು ನನಗೆ ಸಹಿಸೋಕಾಗ್ಲಿಲ್ಲ. ಇವಳು ಮತ್ತೆ ಹೆಣೆದಿದಾಳೆ."

ರಂಜಿನಿಯ ಕಣ್ಣು ತುಂಬಿತ್ತು. ಅವಳು ಜಗಳವಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಆ ಗಿಡ್ಡ ತೋಳು ನನಗೆ ಇಷ್ಟ ಇತ್ತು ಆಂಟಿ," ಎಂದಳು. "ಅವಳು ಅದನ್ನ ಹೆಣೀವಾಗ ಹಾಡು ಹೇಳ್ಕೊಂಡು ಲೆಕ್ಕ ತಪ್ಪಿದ್ಳು."

ರಂಜಿನಿ ಸ್ವೆಟರನ್ನು ಮಡಿಸಿ ಎದೆಗವಚಿಕೊಂಡು ಹಿಂದಕ್ಕೆ ಹೋದಳು.

ಒಂದಷ್ಟು ದಿನ ಅವಳು ರಂಗನಾಯಕಿಯ ಎದುರಿಗೆ ಬಂದರೆ ತಲೆತಗ್ಗಿಸಿ ಹೋಗುತ್ತಿದ್ದಳು. ದೀಪ್ತಿ ಹಿಂದಿನ ಮನೆಗೆ ಹೋಗುವುದು ನಿಲ್ಲಲಿಲ್ಲ. ಆದರೆ ಅಮ್ಮ ಬರುವ ಹೊತ್ತಿಗೆ ಎದ್ದು ಬರುತ್ತಿದ್ದಳು, ಒಮ್ಮೊಮ್ಮೆ ಮರೆತು ತಡವಾಗಿ ಓಡಿ ಬರುತ್ತಿದ್ದಳು. ರಂಗನಾಯಕಿಯೇ ಕೊನೆಗೆ ಒಂದು ದಿನ ಕಾಫಿ ಮಾಡಿಕೊಂಡು, ಮೂರು ಲೋಟ ತಟ್ಟೆಯಲ್ಲಿಟ್ಟು ಹಿತ್ತಲಿಗೆ ಹೋದಳು. ರಂಜಿನಿ ಚಾಪೆಯ ಮೇಲಿದ್ದ ಉಲ್ಲನ್ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. "ಕೂತ್ಕೊಳ್ಳಿ ಆಂಟಿ."

ಶಿವರಾತ್ರಿಗೆ ಮುಂಚಿನ ಒಂದು ಶನಿವಾರ ಮೂವರೂ ಮಾರ್ಕೆಟ್ಟಿಗೆ ಹೋದರು. ಚಳಿ ಮುಗಿಯುವ ಕಾಲ, ಫುಟ್‌ಪಾತಿನ ಮೇಲೆ ಹಳೆಯ ಸ್ವೆಟರುಗಳು ರಾಶಿ ಬಿದ್ದಿದ್ದವು. ದೀಪ್ತಿ ಮತ್ತು ರಂಜಿನಿ ತಲೆಗೆ ತಲೆ ಹಚ್ಚಿ ಹೊಲಿಗೆ ನೋಡುತ್ತಿದ್ದರೆ ರಂಗನಾಯಕಿ ಚೀಲ ಹಿಡಿದು ಹಿಂದೆ ನಿಂತಳು. ಬೇಕಾದದ್ದು ಬೇಡದ್ದು ಎಂದು ಇಬ್ಬರೂ ಕಣ್ಣಲ್ಲೇ ಹೇಳಿಕೊಳ್ಳುತ್ತಿದ್ದರು. ಹೊಟ್ಟೆಯೊಳಗೆ ಅದೇ ಹಳೆಯ ಉರಿ ಎದ್ದಿತು. ಅದು ಇನ್ನು ಹೋಗುವುದಿಲ್ಲವೆಂದು ಆಕೆಗೆ ತಿಳಿದುಹೋಯಿತು.

ವಾಪಸ್ಸು ಬರುವಾಗ ಆಕೆ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿ, ಇಬ್ಬರು ಕೂರುವ ಸೀಟಿನಲ್ಲಿ ಕೂತು, ಪಕ್ಕಕ್ಕೆ ಚೀಲ ಇಟ್ಟು, "ದೀಪು, ಇಲ್ಲಿ ಬಾ!" ಎಂದು ಕೂಗಿದಳು. ದೀಪ್ತಿ ಬಂದು ಕೂತಳು. ರಂಜಿನಿಗೆ ಮುಂದಿನ ಸೀಟು ಸಿಕ್ಕಿತು. ರಂಗನಾಯಕಿ ಗೆದ್ದವಳಂತೆ ಕಿಟಕಿಯಾಚೆ ನೋಡಿದಳು. ಬಸ್ಸು ಹೊರಟಿದ್ದೇ ತಡ, ದೀಪ್ತಿ ಮುಂದಿನ ಸೀಟಿನ ಕಂಬಿಗೆ ಗದ್ದ ಊರಿ ರಂಜಿನಿಯ ಕಿವಿಯ ಬಳಿ ಏನೋ ಹೇಳಲು ಶುರುಮಾಡಿದಳು. ಇಬ್ಬರೂ ನಕ್ಕರು.

ರಂಗನಾಯಕಿ ಮಿಂಟೋ ಆಸ್ಪತ್ರೆ ದಾಟುವವರೆಗೆ ತಡೆದುಕೊಂಡಳು. ಆಮೇಲೆ ಮಗಳ ತೋಳು ಜಗ್ಗಿದಳು.

"ಏನಂದೇ? ನಂಗೂ ಹೇಳು."

ದೀಪ್ತಿ ತಿರುಗಿ, ಅದೇ ಮಾತನ್ನು ಮೊದಲಿನಿಂದ ಮತ್ತೆ ಹೇಳಿದಳು.